ಉಪ್ಪುನೀರಿನ ತೊಟ್ಟಿಗೆ ಇಡ್ಲಿ ಸೋಡಾ

ಮೈಸೂರಿನಲ್ಲಿರುವ ಅಕ್ಕನ ಮಗನಿಗೆ ಈಗ ಉಪ್ಪುನೀರಿನ ಅಕ್ವೇರಿಯಂ ಹುಚ್ಚು. ಎರಡು ಕ್ಲೌನ್ ಮೀನು, ಮೂರ್ನಾಲ್ಕು ಬಸವನಹುಳು, ಒಂದಷ್ಟು ಕಲ್ಲು, ಮರಳು. ಹೋದ ತಿಂಗಳು ನಾನು ಅವರ ಮನೆಗೆ ಹೋದಾಗ ತೊಟ್ಟಿಯ ಪಕ್ಕ ನಾಲ್ಕು ಬಾಟಲಿ ಸಾಲಾಗಿ ನಿಂತಿದ್ದವು. ಕ್ಯಾಲ್ಸಿಯಂ, ಕೆಎಚ್ ಬಫರ್, ಮೆಗ್ನೀಸಿಯಂ, ಅಯೋಡಿನ್. ಕೆಎಚ್ ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಅದನ್ನು ಏರಿಸುವ ದ್ರವವೇ ಬಫರ್. ಮೊದಲ ಎರಡರ ಸೀಲ್ ಆಗಲೇ ಕಿತ್ತಿದ್ದ.

"ವಾರಕ್ಕೊಂದೊಂದು ಮುಚ್ಚಳ ಹಾಕು ಅಂದಿದ್ದಾರೆ ಮಾಮಾ, ಅಂಗಡಿಯವರು."

"ಅಳೆದು ನೋಡಿದ್ದೀಯಾ?"

ಇಲ್ಲ. ನೀರು ಪರೀಕ್ಷಿಸುವ ಕಿಟ್ ಇತ್ತು, ಬಳಸಿರಲಿಲ್ಲ. ಅಂಗಡಿಯವರೂ ಅದನ್ನು ಕೇಳಿರಲಿಲ್ಲ ಅನ್ನಿ, ಅವರಿಗೆ ಬಾಟಲಿ ಹೋದರೆ ಸಾಕು.

ಕೂತು ಅಳೆದೆವು. ಗಾಜಿನ ನಳಿಗೆಗೆ 5 ಮಿಲಿ ತೊಟ್ಟಿ ನೀರು. ಕೆಎಚ್ ಕಿಟ್‌ನ ಮೊದಲ ಹನಿ ಬೀಳುತ್ತಲೇ ನೀರು ನೀಲಿ. ಒಂದೊಂದೇ ಹನಿ ಬಿಟ್ಟು ಅಲುಗಾಡಿಸಬೇಕು. ಹಳದಿಗೆ ತಿರುಗಿದಾಗ ಎಷ್ಟು ಹನಿಯೋ ಕೆಎಚ್ ಅಷ್ಟು ಡಿಗ್ರಿ. ಆರನೇ ಹನಿಗೇ ಹಳದಿ ಬಂತು. ಸಮುದ್ರದಲ್ಲೇ ಸುಮಾರು 7 ಇರುತ್ತದೆ, ತೊಟ್ಟಿಯಲ್ಲಿ 8ರಿಂದ 9 ಇಟ್ಟುಕೊಂಡರೆ ನಿಶ್ಚಿಂತೆ. ಕ್ಯಾಲ್ಸಿಯಂ ಮಾತ್ರ 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ತೋರಿಸಿತು, ಹೆಚ್ಚುಕಮ್ಮಿ ಸಮುದ್ರದಷ್ಟೇ.

ಕಾರಣ ಸರಳ. ಕ್ಯಾಲ್ಸಿಯಂ ಜಾಸ್ತಿ ತಿನ್ನುವುದು ಹವಳ. ಇವನ ತೊಟ್ಟಿಯಲ್ಲಿ ಹವಳವೇ ಇಲ್ಲ, ಬಸವನಹುಳು ಚಿಪ್ಪಿಗೆ ತಗೊಳ್ಳೋದು ಎಷ್ಟು ಮಹಾ! ಕೆಎಚ್ ಕತೆ ಬೇರೆ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದು ಕೆಎಚ್ ಕರಗಿಸುತ್ತಾ ಹೋಗುತ್ತದೆ.

"ಹಾಗಿದ್ರೆ ಎರಡೂ ಒಂದೊಂದು ಮುಚ್ಚಳ ಹಾಕಿದ್ರೆ ಏನಾಗುತ್ತೆ?" ಅಂದ. ಬಾಯಲ್ಲಿ ಹೇಳುವ ಬದಲು ಒಂದು ಗಾಜಿನ ಲೋಟ ತರಿಸಿದೆ. ಕ್ಯಾಲ್ಸಿಯಂ ದ್ರವ ಸ್ವಲ್ಪ, ಅದರ ಮೇಲೆ ಬಫರ್ ಸ್ವಲ್ಪ. ಎರಡೂ ತಿಳಿನೀರಿನ ಹಾಗಿದ್ದವು, ಸೇರಿದ ಕೂಡಲೇ ಮಜ್ಜಿಗೆ. ಆಮೇಲೆ ತಳದಲ್ಲಿ ಬಿಳಿ ಪುಡಿ ಕೂತಿತು, ಕ್ಯಾಲ್ಸಿಯಂ ಕಾರ್ಬೊನೇಟ್. ತೊಟ್ಟಿಯಲ್ಲಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಸುರಿದರೂ ಹೀಗೇ ಆಗಬಹುದು. ದುಡ್ಡು ಕೊಟ್ಟು ತಂದದ್ದು ಹೀಟರ್, ಪಂಪ್‌ಗೆ ಮೆತ್ತಿಕೊಳ್ಳುತ್ತದೆ.

ಅವನಿಗೆ ಬೇಕಾಗಿದ್ದದ್ದು ಕೆಎಚ್ ಒಂದೇ. ಅದಕ್ಕೆ ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಹಿಟ್ಟು, ಹುಳಿ ಅಂಶ ಎಲ್ಲಾ ಇರುತ್ತದೆ. ಕಲ್ಲು ಮರಳು ಕಳೆದು ಸುಮಾರು 120 ಲೀಟರ್ ನೀರು. ಒಂದು ಡಿಗ್ರಿ ಏರಿಸಲು 3.6 ಗ್ರಾಂ ಲೆಕ್ಕಕ್ಕೆ ಬಂತು. ಎರಡು ಡಿಗ್ರಿ ಒಮ್ಮೆಲೇ ಏರಿಸೋದು ಬೇಡ, ಇವತ್ತು ಅರ್ಧ ನಾಳೆ ಅರ್ಧ ಅಂದೆ. ಸಣ್ಣ ತಕ್ಕಡಿಯಲ್ಲಿ ತೂಗಿ ಆರ್‌ಒ ನೀರಲ್ಲಿ ಕದಡುವಾಗ ಅಕ್ಕ ಬಂದು ನೋಡಿದಳು.

"ಇಡ್ಲಿಗೆ ಹಾಕೋ ಸೋಡಾನ ಮೀನಿಗೆ ಹಾಕ್ತಿದೀರಾ? ಸತ್ತೋದ್ರೆ ನನ್ನ ಕೇಳ್ಬೇಡಿ."

ಪಂಪ್‌ನ ನೀರು ಜೋರಾಗಿ ಹರಿಯುವ ಕಡೆ ಅವನೇ ನಿಧಾನವಾಗಿ ಸುರಿದ. ಮೀನುಗಳು ಕ್ಯಾರೇ ಅನ್ನಲಿಲ್ಲ.

ಮುಂದೆ ಹವಳ ಇಡೋ ಆಸೆ ಅವನಿಗೆ, ಅದಕ್ಕೇ ಬಾಟಲಿ ಬೇಕಾಗಬಹುದು ಅಂದ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಹುಲಿಯ ಜೊತೆಗೇ ಇವೆ ಅಂದಾಗ ಸುಮ್ಮನಾದ. ಅಯೋಡಿನ್ ಅಳೆಯುವ ಕಿಟ್ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ, ಅಳೆಯಲಾಗದ್ದನ್ನು ಹಾಕೋದು ಹೇಗೆ? ಸೀಲ್ ಒಡೆಯದ ಆ ಎರಡು ಬಾಟಲಿ ಹಿಡಿದು ಸಂಜೆ ಅಂಗಡಿಗೆ ಹೋದೆವು. ದುಡ್ಡು ವಾಪಸ್ ಇಲ್ಲ ಅಂದರು. ಬದಲಿಗೆ ಅಕ್ವೇರಿಯಂ ಉಪ್ಪಿನ ಪ್ಯಾಕೆಟ್ ತಗೊಂಡೆವು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಅದರಲ್ಲೇ ಇರುತ್ತದೆ, ಆಗಾಗ ಒಂದಿಷ್ಟು ನೀರು ಬದಲಾಯಿಸಿದರೆ ಇವನ ತೊಟ್ಟಿಗೆ ಅಷ್ಟೇ ಧಾರಾಳ.