ಕಟ್ಟೆ ಕಟ್ಟಿಸಿಕೊಟ್ಟ ದೊರೆಯ ಸೀಮೆಯಲ್ಲಿ ಚಳವಳಿ ಯಾಕಾಯಿತು?

1938ರ ಧ್ವಜ ಸತ್ಯಾಗ್ರಹದ ನೆನಪಿನ ಶಿವಪುರದ ಸತ್ಯಾಗ್ರಹ ಸೌಧ ನೋಡಿಕೊಂಡು ಬಂದವರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ: “ನಾಲ್ವಡಿಯವರಂಥ ದೊರೆ ಕನ್ನಂಬಾಡಿ ಕಟ್ಟೆ ಕಟ್ಟಿಸಿ ನೀರು ಕೊಟ್ಟರಲ್ಲ, ಮತ್ತೆ ಮಂಡ್ಯದೋರು ಅವರ ಸರ್ಕಾರಕ್ಕೇ ಯಾಕೆ ತಿರುಗಿಬಿದ್ದರು?”

ದೊರೆ ಒಳ್ಳೆಯವರೇ. ಅವರ ಕೆಲಸಗಳೇ ಜನರಿಗೆ ಕೇಳುವ ಧೈರ್ಯ ತಂದುಕೊಟ್ಟವು ಅನ್ನುವುದು ನನ್ನ ಉತ್ತರ.

ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಮೊದಲ ಸಭೆಗೆ 144 ಮಂದಿ. ದಸರಾ ಹೊತ್ತಿಗೆ ಮೈಸೂರಿಗೆ ಹೋಗಿ ಊರಿನ ಕಷ್ಟ ಹೇಳಿಕೊಳ್ಳಬಹುದಿತ್ತು, ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. 1907ರಲ್ಲಿ ಕಾನೂನು ಚರ್ಚಿಸುವ ನ್ಯಾಯವಿಧಾಯಕ ಸಭೆಯೂ ಬಂತು. ಆಗಲೂ ದಿವಾನರನ್ನು ನೇಮಿಸುವವರು ಮಹಾರಾಜರು, ಇಳಿಸುವವರೂ ಅವರೇ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕೆಂಬ ಅಹವಾಲಿಗೆ ನಾಲ್ವಡಿಯವರು ಓಗೊಟ್ಟು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದರು. ಇಂಡಿಯಾದಲ್ಲೇ ದೊಡ್ಡ ಹೆಜ್ಜೆ ಅದು, ಈ ಮಾತು ಹೇಳುವಾಗ ನನಗೆ ಹೆಮ್ಮೆಯೇ. ಆದರೆ ಅರಸರು ಮನಸ್ಸು ಮಾಡದಿದ್ದರೆ ಆ ಅಹವಾಲು ಏನಾಗುತ್ತಿತ್ತು?

ನಾಲೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಭತ್ತ, ಕಬ್ಬು ಹೆಚ್ಚಿದವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯೂ ಬಂತು. ಮಳೆ ನಂಬಿ ರಾಗಿ ಬೆಳೆಯುತ್ತಿದ್ದಾಗ ರೈತನಿಗೆ ಸರ್ಕಾರವೆಂದರೆ ಕಂದಾಯಕ್ಕೆ ಬರುವ ಶಾನುಭೋಗರಷ್ಟೆ. ಈಗ ನೀರು ಬಿಡುವುದು, ನೀರಿನ ತೆರಿಗೆ, ಕಬ್ಬಿನ ದರ, ಎಲ್ಲಕ್ಕೂ ಸರ್ಕಾರದ ಮುಖ ನೋಡಬೇಕಾಯಿತು. ಅಂಥವನು ಆ ಸರ್ಕಾರದಲ್ಲಿ ನನ್ನ ಮಾತಿಗೂ ಬೆಲೆ ಇರಲಿ ಅಂದರೆ ಅದು ಉಂಡ ಮನೆಗೆ ದ್ರೋಹವಲ್ಲ. ಹಾಗೆ ಬೈಯುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

1938ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಸೇರಿತು. ತ್ರಿವರ್ಣ ಧ್ವಜ ಏರಿಸಕೂಡದೆಂದು ಸರ್ಕಾರದ ಆಜ್ಞೆಯಿದ್ದರೂ ಟಿ. ಸಿದ್ದಲಿಂಗಯ್ಯನವರು ಏರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜದ ಕಾರಣಕ್ಕೇ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಕಾಂಗ್ರೆಸ್ಸಿನ ನಾಯಕರಾದ ಸರ್ದಾರ್ ವಲ್ಲಭಭಾಯಿ ಪಟೇಲರು, ಆಚಾರ್ಯ ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಜೊತೆ ಮಾತಾಡಿದ ಮೇಲಷ್ಟೇ ಧ್ವಜಕ್ಕೆ ಒಪ್ಪಿಗೆ ಸಿಕ್ಕಿತು. ಅಷ್ಟೊಳ್ಳೆಯ ಸಂಸ್ಥಾನದಲ್ಲಿ ಒಂದು ಬಾವುಟಕ್ಕೆ ಹೆಣ ಬೀಳಬೇಕಾಗಿತ್ತೇ? ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈ ಚಳವಳಿಯವರು ಅರಸೊತ್ತಿಗೆ ಕಿತ್ತೊಗೆಯಲು ಹೊರಟವರೆಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು. ಕೇಳಿದ್ದು ಜವಾಬ್ದಾರಿ ಸರ್ಕಾರ, ಅದೂ ಮಹಾರಾಜರ ಛತ್ರಛಾಯೆಯಲ್ಲೇ. ಮಂತ್ರಿಗಳು ಜನರು ಆರಿಸಿದ ಸಭೆಗೆ ಉತ್ತರ ಕೊಡಲಿ, ಇಷ್ಟೇ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮಗೆ ಜವಾಬ್ದಾರಿ ಸರ್ಕಾರ ಸಿಗಲಿಲ್ಲವೆಂದೇ 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು. ಆಗ ಗುಂಡೇಟಿಗೆ ಸತ್ತ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಮೈಸೂರಿನ ವೃತ್ತಕ್ಕಿದೆ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಆಗಿನ ಮಹಾರಾಜ ಜಯಚಾಮರಾಜ ಒಡೆಯರನ್ನು ಯಾರೂ ಓಡಿಸಲಿಲ್ಲ. ಮುಂದೆ ರಾಜ್ಯದ ಮುಖ್ಯಸ್ಥರಾಗಿ ರಾಜಪ್ರಮುಖರಾದರು, ಆಮೇಲೆ ರಾಜ್ಯಪಾಲರೂ ಆದರು.