ದೊಡ್ಡ ಕರುಳಿನ ಮೇಲೊಂದು ನೀಲಿ ಅಂಚು

ನಾನು ಪೆಥಾಲಜಿಸ್ಟ್. ದಿನಾ ನೋಡುವ ಕರುಳಿನ ಬಯಾಪ್ಸಿಗಳಲ್ಲಿ ಅಪರೂಪಕ್ಕೆ ಒಂದು ವಿಶೇಷ ಸ್ಲೈಡ್ ಸಿಗುತ್ತದೆ. ದೊಡ್ಡ ಕರುಳಿನ ಒಳಪದರದ ಮೇಲೆ, ಸೆರಗಿನ ಕುಚ್ಚಿನ ಹಾಗೆ, ಒತ್ತಾದ ನೀಲಿ ಅಂಚು. ದಪ್ಪ ಸುಮಾರು 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು), ಅಷ್ಟೇ. ಅವಸರದಲ್ಲಿದ್ದರೆ ಬಣ್ಣ ಜಾಸ್ತಿ ಹಿಡಿದಿದೆ ಅಂತ ಮುಂದೆ ಹೋಗಿಬಿಡಬಹುದು. ವಾರ್ಥಿನ್-ಸ್ಟಾರಿ ಎಂಬ, ಬೆಳ್ಳಿ ಬಳಸುವ ಬಣ್ಣ ಹಾಕಿದರೆ ಅದೇ ಅಂಚು ಕಪ್ಪಗೆ ಎದ್ದು ಕಾಣುತ್ತದೆ. ಅವೆಲ್ಲ ಬ್ರಾಕಿಸ್ಪೈರಾ ಎಂಬ ಸುರುಳಿ ಬ್ಯಾಕ್ಟೀರಿಯಾ (ಸ್ಪೈರೋಕೀಟ್). ಒಂದು ತುದಿಯನ್ನು ಕೋಶಕ್ಕೆ ಊರಿ, ಸಾಲಾಗಿ ನಿಂತಿರುತ್ತವೆ.

ಇದಕ್ಕೆ ಕರುಳಿನ ಸ್ಪೈರೋಕೀಟೋಸಿಸ್ ಅಂತ ಹೆಸರು. 1967ರಲ್ಲಿ ಹಾರ್ಲಂಡ್ ಮತ್ತು ಲೀ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದರು. ಮನುಷ್ಯರಲ್ಲಿ ಮುಖ್ಯವಾಗಿ ಕಾಣುವುದು ಎರಡು ಜಾತಿ, ಆಲ್ಬೋರ್ಗಿ ಮತ್ತು ಪೈಲೋಸಿಕೋಲಿ. ಎರಡನೆಯದು ಹಂದಿ, ಕೋಳಿಗಳಲ್ಲೂ ಇರುತ್ತದೆ. ನಮ್ಮ ದೇಶದಲ್ಲೇ, ಅಸ್ಸಾಮಿನ ಚಹಾ ತೋಟಗಳ ಜನರಲ್ಲಿ ಇವನ್ನು ಹುಡುಕಿ ಕಂಡುಹಿಡಿದಿದ್ದಾರೆ.

ಒಮ್ಮೆ ಒಬ್ಬರು ರಿಪೋರ್ಟ್ ಹಿಡಿದು ಲ್ಯಾಬಿಗೇ ಬಂದರು. ಸ್ಪೈರೋಕೀಟ್ ಅಂತ ಮೊಬೈಲಿನಲ್ಲಿ ಹುಡುಕಿದ್ದಾರೆ, ಸಿಫಿಲಿಸ್ ಎಂಬ ಲೈಂಗಿಕ ರೋಗ ಅಂತ ಬಂದಿದೆ. ಮನೆಯಲ್ಲಿ ಹೇಗೆ ಹೇಳೋದು ಅಂತ ಕೈ ನಡುಗುತ್ತಿತ್ತು. ಕೂರಿಸಿ ಹೇಳಿದೆ: ಸಿಫಿಲಿಸ್ ರೋಗಾಣು ಇದರ ದೂರದ ನೆಂಟ, ಆದರೆ ಕಾಯಿಲೆ ಬೇರೆ. ಸಿಫಿಲಿಸ್‌ಗೆ ಮಾಡುವ ಇಮ್ಯುನೋ ಸ್ಟೇನ್ (ಪ್ರತಿಕಾಯ ಬಳಸಿ ರೋಗಾಣುವಿಗೆ ಬಣ್ಣ ಹಿಡಿಸುವ ಪರೀಕ್ಷೆ) ಕೂಡ ಇವಕ್ಕೆ ಹಿಡಿಯುತ್ತದೆ, ಹಾಗಾಗಿ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಅಂದಿನಿಂದ ಇಂಥ ರಿಪೋರ್ಟಿನಲ್ಲಿ 'ಇದು ಸಿಫಿಲಿಸ್ ಅಲ್ಲ' ಅಂತ ಒಂದು ಸಾಲು ಸೇರಿಸುತ್ತೇನೆ.

ಹಾಗಾದರೆ ಔಷಧಿ ಬೇಕಾ? ನಿಜವಾದ ಪ್ರಶ್ನೆ ಇದೇ. ಎಷ್ಟೋ ಜನರಿಗೆ ಒಂದು ತೊಂದರೆಯೂ ಇರುವುದಿಲ್ಲ. ಬೇರೆ ಕಾರಣಕ್ಕೆ ಮಾಡಿದ ಕೊಲೊನೋಸ್ಕೋಪಿಯಲ್ಲಿ ಸುಮ್ನೆ ಸಿಕ್ಕಿರುತ್ತದೆ. ಇನ್ನು ಕೆಲವರಿಗೆ ತಿಂಗಳುಗಟ್ಟಲೆ ಭೇದಿ, ಹೊಟ್ಟೆನೋವು. ಅಂಥವರಿಗೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಆದರೆ 2020ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಸಂಶೋಧಕರು ಐಬಿಎಸ್ (ಪರೀಕ್ಷೆಯಲ್ಲಿ ಕಾರಣ ಕಾಣದೆ ಮರುಕಳಿಸುವ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆಯ ತೊಂದರೆ) ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದವರ ಕರುಳಿನ ಲೋಳೆಯಲ್ಲಿ ಬ್ರಾಕಿಸ್ಪೈರಾ ಕಂಡರು. ಈ ಔಷಧಿ ಕೊಟ್ಟ ಮೇಲೆ ಅವು ಲೋಳೆ ಸುರಿಸುವ ಕೋಶಗಳ ಒಳಗೇ ಸೇರಿಕೊಂಡಿದ್ದವಂತೆ! ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. 'ಎಲ್ಲಾ ನಿಮ್ಮ ಟೆನ್ಷನ್ನು' ಅಂತ ಕೇಳಿ ಕೇಳಿ ಸೋತವರು ಎಷ್ಟು ಜನ ಇದ್ದಾರೆ, ಅಲ್ವಾ?

ಅದಕ್ಕೇ ಅಂಚು ಕಂಡರೆ ರಿಪೋರ್ಟ್ ಬರೆದು ಸುಮ್ಮನಾಗುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ: ಭೇದಿ ಇದೆಯಾ, ಎಷ್ಟು ದಿನದಿಂದ, ಎಚ್‌ಐವಿ ಪರೀಕ್ಷೆ ಆಗಿದೆಯಾ (ಎಚ್‌ಐವಿ ಇರುವವರಲ್ಲಿ ಇದು ಹೆಚ್ಚು ಕಾಣುತ್ತದೆ)?