"ಯಾವ ಟನ್?" ಎಂದು ಕೇಳಿದ ಸರ್

ಲೆಕ್ಕ ಸರಿಯಿದ್ದರೂ ಯುನಿಟ್ ಬರೆಯದಿದ್ದರೆ ನಮ್ಮ ಫಿಸಿಕ್ಸ್ ಸರ್ ಮಾರ್ಕು ಕೊಡುತ್ತಿರಲಿಲ್ಲ. "ಐವತ್ತು ಅಂದ್ರೆ ಐವತ್ತು ಏನು ಮಾರಾಯ?" ಎಂದು ಇಡೀ ಕ್ಲಾಸಿನೆದುರು ಕೇಳುತ್ತಿದ್ದರು. ಆಗ ಅದು ಬರೀ ಹಠ ಅನಿಸುತ್ತಿತ್ತು. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಸರಕು ಅಳೆಯುವ ಸರ್ವೇಯರ್ ಆದ ಮೇಲೆ ಆ ಪ್ರಶ್ನೆಯ ಬೆಲೆ ತಿಳಿಯಿತು.

ಪೇಪರಿನಲ್ಲಿ "50 ಸಾವಿರ ಟನ್ನಿನ ಹಡಗು ಬಂತು" ಎಂದು ಓದುತ್ತೇವೆ. ಯಾವ ಟನ್? ಖಾಲಿ ಹಡಗಿನ ತೂಕಕ್ಕೆ ಲೈಟ್‌ಶಿಪ್ ಎನ್ನುತ್ತಾರೆ. ಅದು ಹೊರಬಲ್ಲ ಸರಕು, ಇಂಧನ, ನೀರು, ಜನ, ದಿನಸಿ ಎಲ್ಲ ಸೇರಿದರೆ ಡೆಡ್‌ವೆಯ್ಟ್. ಇವೆರಡನ್ನೂ ಕೂಡಿಸಿದರೆ ಡಿಸ್‌ಪ್ಲೇಸ್‌ಮೆಂಟ್. ಇನ್ನು ಗ್ರಾಸ್ ಟನೇಜ್ ತೂಕವೇ ಅಲ್ಲ. ಅದು ಹಡಗಿನ ಒಳಗಿನ ಜಾಗದ ಅಳತೆ. 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರದಿಂದ ಬರುವ ಆ ಸಂಖ್ಯೆಗೆ ಯುನಿಟ್ಟೇ ಇಲ್ಲ. ಇದನ್ನು ಹೇಳಿದಾಗ ಸರ್ ಖುಷಿಪಟ್ಟು, ಮೊದಲು ಸೂತ್ರ ಬರೆದು ತೋರಿಸು ಎಂದರು. ಕಾರು ಸಾಗಿಸುವ ಹಡಗುಗಳನ್ನೇ ನೋಡಿ. ಒಳಗೆ ಜಾಗ ಜಾಸ್ತಿ, ಹೊರುವ ಭಾರ ಕಡಿಮೆ. ಹಾಗಾಗಿ ಗ್ರಾಸ್ ಟನೇಜ್ 60 ಸಾವಿರ ಇದ್ದರೂ ಡೆಡ್‌ವೆಯ್ಟ್ 20 ಸಾವಿರದ ಆಸುಪಾಸಿನಲ್ಲಿರುತ್ತದೆ.

ನನ್ನ ಕೆಲಸ ಇರುವುದು ಡ್ರಾಫ್ಟ್ ಸರ್ವೆಯಲ್ಲಿ, ಅಂದರೆ ಹಡಗು ನೀರಿನಲ್ಲಿ ಎಷ್ಟು ಆಳ ಮುಳುಗಿದೆ ಎಂದು ನೋಡಿ ಸರಕಿನ ತೂಕ ಲೆಕ್ಕ ಹಾಕುವುದರಲ್ಲಿ. ಕಲ್ಲಿದ್ದಲು, ಅದಿರಿನ ಉಂಡೆಗಳಂಥ ಸರಕನ್ನು ಹಡಗಿನ ಸಮೇತ ತೂಗುವ ತಕ್ಕಡಿ ಎಲ್ಲಿಯೂ ಇಲ್ಲ. ನೀರೇ ತೂಗಿ ಹೇಳಬೇಕು. ಹಡಗಿನ ಮುಂದೆ, ಹಿಂದೆ, ನಡುವೆ, ಎರಡೂ ಬದಿಯಲ್ಲಿ ಅಂಕಿಗಳನ್ನು ಬರೆದಿರುತ್ತಾರೆ. ಒಂದೊಂದು ಅಂಕಿಯ ಎತ್ತರ 10 ಸೆಂಟಿಮೀಟರ್. ಅಂಕಿಯ ತಳಕ್ಕೆ ನೀರು ಮುಟ್ಟಿದರೆ ಆಳ ಅಷ್ಟೇ ಎಂದು ಲೆಕ್ಕ. ಆದರೆ ನೀರು ಸುಮ್ನೆ ನಿಲ್ಲುವುದಿಲ್ಲ, ಅಲ್ವಾ? ಅಲೆ ಏರಿದಾಗ ಒಂದು, ಇಳಿದಾಗ ಇನ್ನೊಂದು. ದೋಣಿಯಲ್ಲಿ ಕೂತು ತಾಳ್ಮೆಯಿಂದ ನೋಡಿ ಸರಾಸರಿ ಹಿಡಿಯಬೇಕು. 190 ಮೀಟರ್ ಉದ್ದ, 32 ಮೀಟರ್ ಅಗಲದ ಹಡಗು ಒಂದು ಸೆಂಟಿಮೀಟರ್ ಮುಳುಗಲು ಸುಮಾರು 57 ಟನ್ ಬೇಕು. ಕಣ್ಣು ಒಂದು ಸೆಂಟಿಮೀಟರ್ ತಪ್ಪಿದರೆ ಅಷ್ಟು ಮಾಲಿನ ಹಣ ಆಚೀಚೆ.

ತುಂಬಿದ ಹಡಗು ಬಾಗುತ್ತದೆ ಕೂಡ. ಅದಕ್ಕೇ ಮುಂದಿನ ಮತ್ತು ಹಿಂದಿನ ಆಳಕ್ಕೆ ಒಂದೊಂದು ಪಾಲು, ನಡುವಿನದಕ್ಕೆ ಆರು ಪಾಲು ಕೊಟ್ಟು ಎಂಟರಿಂದ ಭಾಗಿಸುತ್ತೇವೆ. ಎಷ್ಟು ಆಳಕ್ಕೆ ಎಷ್ಟು ತೂಕ ಎಂದು ಹೇಳುವ ಹಡಗಿನ ಟೇಬಲ್ ನೋಡಿ ಡಿಸ್‌ಪ್ಲೇಸ್‌ಮೆಂಟ್ ತೆಗೆಯುತ್ತೇವೆ. ಅದರಲ್ಲಿ ಲೈಟ್‌ಶಿಪ್, ಇಂಧನ, ಹಡಗಿನ ಸಮತೋಲಕ್ಕೆಂದು ತುಂಬುವ ಬ್ಯಾಲಾಸ್ಟ್ ನೀರು ಎಲ್ಲ ಕಳೆಯಬೇಕು. ಟ್ಯಾಂಕಿನ ತಳದ ಕೆಸರು, ವರ್ಷಗಳಿಂದ ಬಳಿದ ಬಣ್ಣ ಇಂಥವು "ಕಾನ್‌ಸ್ಟೆಂಟ್" ಎಂಬ ಹೆಸರಲ್ಲಿ ಲೆಕ್ಕದಿಂದ ಹೊರಹೋಗುತ್ತವೆ. ಉಳಿದದ್ದು ಸರಕು.

ನೀರಿನ ಸಾಂದ್ರತೆಯನ್ನು ಮರೆಯುವ ಹಾಗೇ ಇಲ್ಲ. ನಮ್ಮ ಲ್ಯಾಬಿನಲ್ಲಿ ಸರ್ ಟೆಸ್ಟ್‌ಟ್ಯೂಬಿಗೆ ಸೀಸದ ಗುಂಡು ಹಾಕಿ, ಒಳಗೆ ಗ್ರಾಫ್ ಕಾಗದದ ಪಟ್ಟಿ ಅಂಟಿಸಿ, ಮೊದಲು ಬಾವಿಯ ನೀರಿನಲ್ಲಿ ತೇಲಿಸಿದರು. ಆಮೇಲೆ ನಾವು ಬಾಟಲಿಯಲ್ಲಿ ತಂದಿದ್ದ ಸಮುದ್ರದ ನೀರಿನಲ್ಲಿ. ಟ್ಯೂಬು ಕೊಂಚ ಮೇಲೆದ್ದಿತು. ಸಮುದ್ರದ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.025 ಗ್ರಾಂ ಎಂದು ಆವತ್ತು ಬರೆದುಕೊಂಡೆ. ಈಗ ಹಡಗಿನ ಪಕ್ಕದ ನೀರನ್ನು ಬಕೆಟಿನಲ್ಲಿ ಎತ್ತಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸುತ್ತೇನೆ. ಆ ಟೆಸ್ಟ್‌ಟ್ಯೂಬಿನ ಲೆಕ್ಕವೇ ಇದು. ಮೇಲೆ ಹೇಳಿದ ಗಾತ್ರದ ಹಡಗು ಪೂರ್ತಿ ತುಂಬಿದ್ದರೆ ಸಿಹಿನೀರಿನಲ್ಲಿ ಸುಮಾರು 30 ಸೆಂಟಿಮೀಟರ್ ಹೆಚ್ಚು ಮುಳುಗುತ್ತದೆ. ಎಲ್ಲಿಯವರೆಗೆ ಮುಳುಗಬಹುದು ಎಂದು ತೋರಿಸಲು ಹಡಗಿನ ಬದಿಯಲ್ಲಿ ಸಿಹಿನೀರಿಗೆ, ಬೇಸಿಗೆಗೆ, ಚಳಿಗಾಲಕ್ಕೆ ಬೇರೆ ಬೇರೆ ಗೆರೆಗಳಿರುತ್ತವೆ.

ಆ ಗೆರೆಗಳ ಪಕ್ಕದ ವೃತ್ತದ ಕಥೆಯನ್ನು ಸಿಲೆಬಸ್‌ನಲ್ಲಿ ಇಲ್ಲದಿದ್ದರೂ ಸರ್ ಹೇಳಿದ್ದರು. ಮಿತಿಮೀರಿ ತುಂಬಿದ ಹಡಗುಗಳು ಮುಳುಗಿ ನಾವಿಕರು ಸಾಯುತ್ತಿದ್ದಾಗ ಸ್ಯಾಮ್ಯುಯಲ್ ಪ್ಲಿಮ್‌ಸಾಲ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೋರಾಡಿದರು. ಹಡಗಿನ ಬದಿಯಲ್ಲಿ ಆ ವೃತ್ತದ ಗುರುತು ಇರಲೇಬೇಕೆಂದು 1876ರಲ್ಲಿ ಕಾನೂನು ಬಂತು. ಆದರೆ ಗುರುತನ್ನು ಎಲ್ಲಿ ಹಾಕಬೇಕೆಂಬುದು ಮಾಲೀಕನ ಕೈಯಲ್ಲೇ ಉಳಿಯಿತು. ಅದನ್ನು ಸರ್ಕಾರ ನಿಗದಿ ಮಾಡಿದ್ದು 1890ರಲ್ಲಿ. "ಗೆರೆ ಇದ್ದರೆ ಸಾಲದು, ಅದು ಎಲ್ಲಿದೆ ಅನ್ನೋದು ಮುಖ್ಯ" ಎಂದು ಹೇಳುವಾಗ ಸರ್ ದನಿ ಏರಿತ್ತು. ಅಳತೆಯ ಹಿಂದೆ ಜೀವಗಳಿವೆ ಎಂದು ನನಗೆ ಹೊಳೆದದ್ದು ಆಗಲೇ.

ಬಿಎಸ್‌ಸಿ ಮಕ್ಕಳಲ್ಲಿ ಯಾರಿಗಾದರೂ ಈ ಕೆಲಸದ ಮೇಲೆ ಮನಸ್ಸಿದ್ದರೆ ಹಳೆ ವಿದ್ಯಾರ್ಥಿ ಸಂಘದ ಮೂಲಕ ನನ್ನನ್ನು ಕೇಳಿ. ಬಂದರಿನ ಒಳಗೆ ಹೋಗಲು ಪಾಸ್ ಬೇಕು, ಅದು ಬೇಗ ಸಿಗುವುದಿಲ್ಲ. ಅಲ್ಲಿಯವರೆಗೆ ಕಾಲೇಜಿಗೇ ಬಂದು ಒಂದು ಸರ್ವೆಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ.